ಮಾರಬಾರದ ಕಂಪ್ಯೂಟರ್

ಮುರುಗೇಶಾ,

ಆಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳ ತಪ್ಪಿದ್ದಲ್ಲ. ಇದು ಮಾತ್ರ ನಡೆದ ಕಥೆ.

ಕಂಪ್ಯೂಟರ್ ಕೊಳ್ಳುವವನು ಬಂದರೆ ವಾಪಸ್ ಕಳಿಸು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ನಾವು ಜೋಡಿಸಿದ್ದಕ್ಕಿಂತ ಇದನ್ನು ಮಾರಿ ನೀನು ಕೊಳ್ಳಬೇಕೆಂದಿರುವ ಗೇಮ್ ಕನ್ಸೋಲ್ ಅಗ್ಗ, ಒಪ್ಪಿದೆ. ಆದರೆ ಅದು ಆಟ ಆಡಿಸುತ್ತೆ, ಮಾತಾಡಿಸಲ್ಲ.

ನಿನ್ನೆ ಅಜ್ಜಿಯನ್ನು ಬೆಚ್ಚಿಸಲು, ತೀರಿಹೋದ ತಾತನ ದನಿ ಅಣಕಿಸಿ "ಲಕ್ಕಮ್ಮಾ, ಬಾಗಿಲು ಹಾಕ್ದ್ಯಾ?" ಅಂತ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಹಾಕಿದೆ. ಅಜ್ಜಿ ಸೆರಗು ಹೊದ್ದು, ಸ್ಪೀಕರ್ ಕಡೆ ತಿರುಗಿ, "ಹಾಕ್ದೆ" ಅಂದಿತು. ಬೆಚ್ಚಿಬಿದ್ದವನು ನಾನೇ. "ಅಜ್ಜಿ, ಅದು ನಾನು" ಅಂದೆ.

"ಗೊತ್ತು ಕಣೋ. ಆ ಮನುಷ್ಯ ಬದುಕಿರೋವರ್ಗೂ 'ಲೇ' ಅಂದಿದ್ದು ಬಿಟ್ರೆ ಹೆಸರು ಹಿಡ್ದು ಕರೀಲೇ ಇಲ್ಲ. ಈಗಾದ್ರೂ ಕರೆಸ್ದ್ಯಲ್ಲ. ಇನ್ನೊಂದ್ಸಲ ಹಾಕು" ಅಂತ, ಚಾಮರಾಜಪೇಟೆಗೆಲ್ಲ ಕೇಳುವ ಹಾಗೆ ನಕ್ಕಿತು.