ನನ್ನದೇ ಬೀಳ್ಕೊಡುಗೆಯ ನೋಟಿಸು

ಮಾರ್ಚ್ 3, ಸೋಮವಾರ
ಇವತ್ತು ಮೂರು ನೋಟಿಸು. ಎರಡನೇ ಲಿಫ್ಟ್ ರಿಪೇರಿ. ಸೈಕಲ್ ಶೆಡ್ಡಿನಲ್ಲಿ ಯಾರದೋ ಒಂಟಿ ಕೈಗವಸು. ಸಹೋದ್ಯೋಗಿ ಯೋರಿನ್‌ಳ ಹುಟ್ಟುಹಬ್ಬ, ಕೇಕ್ ಅವಳೇ ತರುತ್ತಾಳೆ. ಇಪ್ಪತ್ತೊಂಬತ್ತು ವರ್ಷದಿಂದ ಝ್ವೊಲ್ಲೆ ಊರಿನ ಈ ಕಚೇರಿಗೆಲ್ಲ ಸುದ್ದಿ ಹೋಗುವುದು ನನ್ನ ಮೇಜಿನಿಂದ. ಮಧ್ಯಾಹ್ನ ಬ್ರೆಡ್ಡು-ಚೀಸು, ಒಬ್ಬಳೇ.

ಮಾರ್ಚ್ 6
ಬಾಸ್ ರೂರ್ಡ್ ಬಾಗಿಲಲ್ಲಿ ನಿಂತ. "ಹಿಲ್ಲಿ, ತಿಂಗಳ ಕೊನೇಗೆ ರಿಟೈರ್ ಆಗ್ತೀಯಲ್ಲ. ಪಾರ್ಟಿ ಬೇಕಾ?"
"ಅಯ್ಯೋ, ನಂಗ್ಯಾಕೆ ಅದೆಲ್ಲ. ಬೇಡ ಬಿಡು."
"ಸರಿ ಹಾಗಾದ್ರೆ." ಹೋದ.
ಇನ್ನೊಂದು ಸಲ ಕೇಳುತ್ತಾನೆ ಅಂದುಕೊಂಡಿದ್ದೆ. ನಾವು ಡಚ್ಚರು ಎರಡು ಸಲ ಕೇಳುವವರಲ್ಲ. ಬೇಡ ಅಂದರೆ ಬೇಡ. ನಾನೂ ಜನ್ಮವಿಡೀ ಹಾಗೇ ನಡೆದುಕೊಂಡವಳು, ಈಗ ಯಾರನ್ನು ಬೈಯಲಿ?

ಮಾರ್ಚ್ 14
ಪಾರ್ಟಿ ಬೇಕು ಅಂತ ಹೇಳಲು ಮೂರು ಸಲ ರೂರ್ಡ್‌ನ ಕೋಣೆಗೆ ಹೋದೆ. ಮೂರು ಸಲವೂ ಪ್ರಿಂಟರಿನ ಕಾಗದ ಕೇಳಿ ಬಂದೆ. ಡ್ರಾಯರ್ ತುಂಬ ಕಾಗದ.

ಮಾರ್ಚ್ 20
ಯೋರಿನ್ ಭುಜ ತಟ್ಟಿದಳು. "ಪಾರ್ಟಿ ಬೇಡ ಅಂದ್ಯಂತೆ, ರೂರ್ಡ್ ಹೇಳ್ದ. ನಿನ್ನ ಇಷ್ಟಾನೇ ನಮ್ಮಿಷ್ಟ. ಒಂದು ಕಾರ್ಡೂ ತರಲ್ಲ, ಹೆದರ್ಬೇಡ."
ಥ್ಯಾಂಕ್ಸ್ ಅಂದೆ.

ಮಾರ್ಚ್ 26
ನೋಟಿಸ್ ವಿಭಾಗಕ್ಕೆ ರೂರ್ಡ್‌ನ ಮೇಲ್: 'ಹಿಲ್ಲಿಯ ನಿವೃತ್ತಿಯ ಸುದ್ದಿ ಹಾಕಿಬಿಡಿ.' ಆ ವಿಭಾಗ ಅಂದರೆ ನಾನೊಬ್ಬಳೇ ಅನ್ನುವುದು ಮರೆತೇಬಿಟ್ಟಿದ್ದಾನೆ.
ಬರೆದೆ: 'ಅವರದೇ ಕೋರಿಕೆಯಂತೆ ಬೀಳ್ಕೊಡುಗೆ ಇರುವುದಿಲ್ಲ.' ಓದಿದೆ. ಅಳು ಬಂತು. ಕಳಿಸಲಿಲ್ಲ.

ಮಾರ್ಚ್ 31, ಬೆಳಗ್ಗೆ 8.40
ಆ ಸಾಲು ಅಳಿಸಿದೆ. ಹೊಸದು: 'ಇವತ್ತು ಮೂರಕ್ಕೆ, ಅಡುಗೆಕೋಣೆಯಲ್ಲಿ, ಹಿಲ್ಲಿಗೆ ಬೀಳ್ಕೊಡುಗೆ. ದಯವಿಟ್ಟು ಬನ್ನಿ.' ಇಷ್ಟು ವರ್ಷದಲ್ಲಿ 'ದಯವಿಟ್ಟು' ಬರೆದದ್ದು ಇದೇ ಮೊದಲು. ಕಳಿಸಿಬಿಟ್ಟೆ.

11.15
ಹನ್ನೊಂದು ಉತ್ತರ. ಎಲ್ಲವೂ ಒಂದೇ ರಾಗ — ಮೂರಕ್ಕೆ ಮೀಟಿಂಗ್ ಇದೆ, ಮೂರು ವಾರ ಮೊದಲೇ ಹೇಳಿದ್ದರೆ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆವು, ಸಾರಿ. ತಪ್ಪೇನಿಲ್ಲ. ಇಲ್ಲಿ ಅಕ್ಕನ ಮನೆಗೂ ದಿನ ಗೊತ್ತುಮಾಡಿಕೊಂಡೇ ಹೋಗುವುದು.

3.10
ಬಂದದ್ದು ರೂರ್ಡ್ ಒಬ್ಬನೇ. ಖಾಲಿ ಕುರ್ಚಿಗಳನ್ನು ನೋಡಿದ.
"ನಿಂಗೆ ಬೇಕಿತ್ತಾ?"
"ಬೇಕಿತ್ತು."
"ಹೇಳ್ಬಾರ್ದಿತ್ತಾ ಮಾರಾಯ್ತಿ?"
"ಹೇಳ್ತಾ ಇದೀನಲ್ಲ."
ಕೋಟು ಕುರ್ಚಿಗೆ ಹಾಕಿ, ಮೀಟಿಂಗ್ ನಡೆಯುವ ಕೋಣೆಗಳಿಗೇ ಹೋಗಿ ಎಲ್ಲರನ್ನೂ ಕರೆತರುತ್ತೇನೆ ಅಂದ. ಬೇಡ ಬಿಡು ಅನ್ನಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ. ಮಹಡಿಯಲ್ಲಿ ಬಾಗಿಲು ತಟ್ಟುತ್ತಿದ್ದಾನೆ — ಒಂದು... ಇನ್ನೊಂದು... ನನ್ನ ಹೆಸರು ಹಿಡಿದು ಅಷ್ಟು ಜೋರಾಗಿ ಯಾರೂ ಕೂಗಿದ್ದೇ ಇಲ್ಲ, ಈ ಇಪ್ಪತ್ತೊಂಬತ್ತು ವರ್ಷದಲ್ಲಿ.