ಮುಖಕ್ಕೆ ಬಳಿದ ದ್ರಾಕ್ಷಿ

ಸೆಪ್ಟೆಂಬರ್ ಇಪ್ಪತ್ತೆರಡು, ರಾತ್ರಿ

ನಾಳೆ ಹೊರಡಬೇಕೋ ಬೇಡವೋ, ಅದೇ ಕೊರೆಯುತ್ತಿದೆ. ಚೀಲ ಕಟ್ಟಿಯಾಗಿದೆ. ಆಫ್ರಿಕಾದ ಗಿನಿ ದೇಶ ಬಿಟ್ಟಾಗಿನಿಂದ ನನ್ನ ಕಾಲು ಒಂದೂರಲ್ಲಿ ನಿಂತಿಲ್ಲ. ಪಕ್ಕದವರು ಮಲಗಿದ್ದಾರೆ, ದಿನಚರಿಯನ್ನು ಫೋನಿಗೆ ಪಿಸುಗುಟ್ಟುತ್ತಿದ್ದೇನೆ.

ಬೆಳಿಗ್ಗೆ ಇಲ್ಲಿ, ದಕ್ಷಿಣ ಫ್ರಾನ್ಸಿನ ಓರ್ಬ್ ನದಿಯ ದಂಡೆ ಹಿಡಿದು, ದ್ರಾಕ್ಷಿ ಕೊಯ್ಯಲು ಗುಡ್ಡದ ಮೇಲಿನ ತೋಟಕ್ಕೆ ನಡೆದೇ ಹೋದೆವು. ಕೆಳಗೆ ಕಣಿವೆ ತುಂಬ ಮಂಜು, ಮೇಲೆ ಬಿಸಿಲು ಬಿದ್ದ ಬಳ್ಳಿಗಳ ಸಾಲು. ಎಷ್ಟು ಸಲ ನೋಡಿದರೂ ಸಾಲದು. ಅಂಥ ಕಡಿದಾದ ಗುಡ್ಡಕ್ಕೆ ಕಲ್ಲು ಹೊತ್ತು, ಮಣ್ಣು ಜಾರದಂತೆ ಗೋಡೆ ಕಟ್ಟಿದವರು ಎಂಥ ಜನವೋ!

ಬಳ್ಳಿಯಲ್ಲಿ ಗೊಂಚಲು ಬಿಟ್ಟುಹೋದವರ ಮುಖಕ್ಕೆ ಈ ಊರವರು ಅದನ್ನೇ ಹಿಸುಕಿ ಬಳಿಯುತ್ತಾರೆ. ನಾನು ಗೊಂಚಲು ಬಿಟ್ಟಾಗ ಮಾತ್ರ ಇಷ್ಟು ದಿನ ಯಾರಾದರೂ ಸುಮ್ಮನೆ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಅದು ನೆಂಟರಿಗೆ ಕೊಡುವ ಮರ್ಯಾದೆ.

ಇವತ್ತು ನನ್ನ ಸಾಲಿನಲ್ಲೇ ಹಿಂದೆ ಕೊಯ್ಯುತ್ತ ಬರುತ್ತಿದ್ದ ಜಿನೆಟ್ ಅಜ್ಜಿ ಕೂಗಿದಳು: "ಲೋ ಫೊದೆ! ಕಣ್ಣು ಎಲ್ಲಿಟ್ಟಿದ್ದೀಯೋ? ನದಿ ನೋಡೋಕೆ ಕೂಲಿ ಕೊಡ್ತಾರಾ?"

"ಎಲೆ ಮರೇಲಿತ್ತು ಅಜ್ಜಿ..."

"ಪಾಪದ ಎಲೆ ಮೇಲ್ಯಾಕೆ ಹಾಕ್ತೀಯ? ಬಾ ಇಲ್ಲಿ!"

ನಾನು ಬಿಟ್ಟಿದ್ದ ಗೊಂಚಲನ್ನು ಹಿಸುಕಿ ನನ್ನ ಕೆನ್ನೆ, ಮೂಗು, ಕಿವಿಗೆಲ್ಲ ತಿಕ್ಕಿಬಿಟ್ಟಳು. ಎಲ್ಲರೂ ಕೇಕೆ ಹಾಕಿದರು.

"ಈಗ ನೋಡ್ರೋ, ನಮ್ಮೂರ ಹುಡುಗನ ಥರ ಕಾಣ್ತಾನೆ!" ಅಂದ ಅವಳ ಗಂಡ.

ಸಂಜೆ ಇಳಿದು ಬಂದವರೆಲ್ಲ ನದಿಯಲ್ಲಿ ಮುಖ ತೊಳೆದರು. ನಾನು ತೊಳೆಯಲಿಲ್ಲ. ಕೆನ್ನೆ ಇನ್ನೂ ಅಂಟಂಟು, ದಿಂಬಿಗೂ ಮೆತ್ತಿದೆ. ಚಳಿಗೆ ಚೀಲ ಬಿಚ್ಚಿ ಕಂಬಳಿ ತೆಗೆದುಕೊಂಡೆ. ನಾಳೆ ಅಜ್ಜಿಯ ಸಾಲಿನಲ್ಲೇ ಅವಳ ಹಿಂದೆ ಕೊಯ್ಯುತ್ತ ಹೋಗಬೇಕು. ಅವಳೂ ಒಂದು ಗೊಂಚಲು ಬಿಟ್ಟುಹೋದರೆ...