ಮಿರಜ ಬಸ್ಸಿನ್ಯಾಗ ಕಳದ ಕ್ಯಾಸೆಟ್ಟು

ಶೇಡಬಾಳ
೯ ಸಪ್ಟೆಂಬರ್ ೨೦೨೫

ಪ್ರೀತಿಯ ಮಾಳ್ಯಾ,

ಕೈಯಾಗ ಫೋನ್ ಇದ್ದೂ ಕಾಗದಾ ಬರಿಯಾಕತ್ತಾನಲ್ಲ, ಅಭಿನಂದನನ ತಲಿ ಸರಿ ಐತೇನು ಅಂತ ನೀ ಮನಿಯಾಗ ಶಿವಗಂಗವ್ವ ವೈನಿಗಿ ಕೇಳತಿ, ನನಗ ಗೊತ್ತೈತಿ. ಸರಿ ಐತಿ ಅಂತ ಹೇಳು. ಹೋದ ದೀಪಾವಳಿಗಿ "ಈ ಸಲದ ನಿನ್ನ ಐದು ಜಾಝ್ ರೆಕಾರ್ಡ ಬರದ ಕಳಸಲೇ" ಅಂದಿದ್ದಿ. ದ್ರಾಕ್ಷಿ ಬಳ್ಳಿ ಕತ್ತರಸೂ ಚಾಟ್ನಿ, ಹಣ್ಣು ಒಣಗಸೂದು, ಮತ್ತ ಚಾಟ್ನಿ ಅಂತ ಹತ್ತ ತಿಂಗಳ ಹೋಗೇ ಬಿಟ್ಟವು. ತಡಾ ಆದದ್ದಕ್ಕ ಬೈಯೂದಿದ್ರ ಈಗ ಬೈದ ಮುಗಸು, ಮುಂದ ಬ್ಯಾರೇದಕ್ಕ ಬೈಯೂದ ಐತಿ.

ನಮ್ಮ ಜೈನರ ದಶಲಕ್ಷಣ ಪರ್ವ ಶನಿವಾರ ಮುಗೀತು. ಹತ್ತ ದಿನಾ ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಹೊತ್ತ ಮುಳುಗೂದ್ರಾಗ ಊಟಾ. ನಮ್ಮ ಮನಿಯಾಕಿ ಮನಿಷಾ, "ನಾಲಿಗಿಗಿ ಅಷ್ಟ ನೇಮಾ ಆದ್ರ ಹೆಂಗ್ರಿ, ಕಿವಿಗೂ ಬೇಕಲ್ಲಾ" ಅಂತ ನನ್ನ ಟೇಪ್ ರೆಕಾರ್ಡರ್ ಒಯ್ದು ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ್ಲು. ಬಟಾಟಿ ಒಂದ ದಿನಾನೂ ನೆನಪಾಗಲಿಲ್ಲ ದೋಸ್ತಾ, ಆರ್ಟ್ ಬ್ಲೇಕಿಯ ಡ್ರಮ್ಮು ಭಾಳ ನೆನಪಾತು.

ಪರ್ವ ಮುಗದ ಮ್ಯಾಲ ಒಬ್ಬರಿಗೊಬ್ಬರು ಕ್ಷಮಾ ಕೇಳೂದು ನಮ್ಮಲ್ಲೆ ಪದ್ಧತಿ, ನಿನಗೇನ ಹೊಸಾದಲ್ಲ. ಮೊದಲ ಮನಿಮನಿಗಿ ಹೋಗತಿದ್ವಿ, ಈಗ ಕಮಲದ ಹೂವಿನ ಚಿತ್ರಾ ಒಂದ ಹುಡುಕಿ ಇನ್ನೂರಾ ಹನ್ನೆರಡ ಮಂದಿಗಿ ಒಮ್ಮೇ ಕಳಿಸಿಬಿಡತೇವಿ. ನಿನಗೂ ಬಂತು. ಎಲ್ಲಾರೂ ಕೈ ಮುಗದ ಚಿತ್ರಾ ಹಾಕಿ ಸುಮ್ಮನಾದ್ರು. ನೀ ಒಬ್ಬಾವ, "ಯಾವ ತಪ್ಪಿಗಿ ಮಾರಾಯಾ?" ಅಂತ ಕೇಳಿದಿ. ಚ್ಯಾಷ್ಟಿಗಿ ಕೇಳಿರಬೇಕು. ಆದ್ರ ಖರೇನ ಒಂದ ತಪ್ಪ ಐತಿ, ಮೂವತ್ತನಾಕ ವರ್ಷದ್ದು. ಫೋನ್ ಹಚ್ಚಿದ್ರ ನೀ ನಗತಿ, ನೀ ನಕ್ರ ನನ್ನ ಬಾಯಿ ಕಟ್ಟತೈತಿ. ಅದಕ್ಕ ಈ ಕಾಗದಾ. ನನಗ ಧೈರ್ಯಾ ಬರೂ ತನಕಾ ನೀ ಲಿಸ್ಟ ಓದು.

ಐದನೇದು ಹೊರೇಸ್ ಸಿಲ್ವರ್. ಅವನ ಪಿಯಾನೋ ಕೇಳಿದಾಗೆಲ್ಲಾ ಚಿಕ್ಕೋಡಿ ಹಾಸ್ಟೆಲಿನ್ಯಾಗ ನಮಗ ರೊಟ್ಟಿ ಬಡದ ಹಾಕತಿದ್ದ ಕಾಶಿಬಾಯಿ ನೆನಪಾಗತಾಳ. ಬಾಯಿ ಯಾರನ್ನರ ಬೈಯಲಿ, ಕೈ ತಾಳಾ ಬಿಡತಿರಲಿಲ್ಲ. ನಾಕನೇದು ಹ್ಯಾಂಕ್ ಮೊಬ್ಲಿ. ಇಲ್ಲೆ ನೀ ಎದ್ದು ಕುಂದರತಿ. "ಅಂವಾ ಮೊಸರನ್ನ ಉಂಡು ಊದತಾನ" ಅಂತ ಮೂವತ್ತ ವರ್ಷದಿಂದ ಅನ್ನಾಕತ್ತಿ. ಇರಲಿ ಬಿಡೋ, ಎಲ್ಲಾರೂ ಚೀರಬೇಕೇನು? ಅವನ ಸ್ಯಾಕ್ಸೋಫೋನ್ ಕೇಳಿದ್ರ ತ್ವಾಟಕ್ಕ ನೀರ ಬಿಟ್ಟು ಬದುವಿನ ಮ್ಯಾಲ ಕುಂತಂಗ ಆಗತೈತಿ ನನಗ.

ಮೂರನೇದು ಕ್ಲಿಫರ್ಡ್ ಬ್ರೌನ್. ಇಪ್ಪತ್ತೈದನೇ ವಯಸ್ಸಿಗಿ ಮೋಟಾರ ಅಪಘಾತದಾಗ ಹೋದಾ, ಅಷ್ಟರಾಗ ಎಷ್ಟೆಲ್ಲಾ ಊದಿಟ್ಟ ಹೋಗ್ಯಾನ ನೋಡು. ನಾವು ಇಪ್ಪತ್ತೈದರಾಗ ಏನ ಮಾಡಾಕತ್ತಿದ್ವಿ? ನೀ ಲಗ್ನದ ಬ್ಯಾಂಡಿನ್ಯಾಗ ಸಿನಿಮಾ ಹಾಡ ಊದತಿದ್ದಿ, ನಾ ಮುಂದ ನಿಂತು ಮಂದಿನ್ನ ಸರಸತಿದ್ದೆ. ಎರಡನೇದು ಲೀ ಮಾರ್ಗನ್. ಅಂವಾ ಇಪ್ಪತ್ತರ ಹುಡುಗ ಇದ್ದಾಗ ಬ್ಲೇಕಿ ಜೋಡಿ ಊದಿದ್ದ ಕೇಳು, ನಿನ್ನಂಗ ಟ್ರಂಪೆಟ್ಟಿನ್ಯಾಗ ಸೊಕ್ಕ ತುಂಬೇತಿ.

ಮಗಳು ಮಯೂರಿ ಹಬ್ಬಕ್ಕಂತ ಬಂದಾಳ. "ಪಪ್ಪಾ, ನಿಮ್ಮ ಈ ಹಾರ್ಡ್ ಬಾಪ್ ಅಂದ್ರ ಏನ್ರಿ?" ಅಂತ ಕೇಳಿದ್ಲು. ಅಮೆರಿಕಾದ ಕಪ್ಪು ಜನಾ ಐವತ್ತರ ದಶಕದಾಗ ಕಟ್ಟಿದ ಜಾಝ್ ಬೇಟಾ, ತಮ್ಮ ಚರ್ಚಿನ ಹಾಡೂ ಅದ್ರಾಗ ಐತಿ, ತಮ್ಮ ಸಂಕಟಾನೂ ಐತಿ, ಡ್ರಮ್ಮಿನವಂದ ಜೋರ ಭಾಳ ಅಂತ ಹೇಳಿದೆ. ಮನಿಷಾ ಒಳಗಿಂದ, "ನಾಕ ಮಂದಿ ಜಗಳಾ ಆಡತಾರವ್ವಾ, ಐದನೇದಂವಾ ಡಬ್ಬಿ ಬಡಿತಾನ, ಅಷ್ಟ" ಅಂದ್ಲು. ಜಗಳಾ ತಾಳದಾಗ ಐತಿ ಅನ್ನೂದನ್ನ ಆಕಿ ಯಾವಾಗೂ ಬಿಟ್ಟ ಹೇಳತಾಳ.

ಒಂದನೇದು ಬ್ಲೇಕಿಯ ಐವತ್ತೆಂಟರ ರೆಕಾರ್ಡ ಅಂತ ನೀ ಆಗಲೇ ಅಂದ್ಕೊಂಡಿ. ಹೌದು, ಪ್ರತಿ ವರ್ಷಾ ಅದನ್ನ ಬರದೇನಿ. ಫೌಜಿನ ಬ್ಯಾಂಡಿನ್ಯಾಗ ಇದ್ದು ಬಂದ ನಿಪ್ಪಾಣಿಯ ಸತ್ಯಪ್ಪ ಮಾಸ್ತರ ನಮ್ಮಿಬ್ಬರಿಗೂ ಈ ಹುಚ್ಚ ಹಚ್ಚಿದ್ದ ಅದರಿಂದಾನ ಅಲ್ಲೇನು? ರೆಕಾರ್ಡ ಯಾರಿಗೂ ಕೊಡತಿರಲಿಲ್ಲ ಪುಣ್ಯಾತ್ಮ. ಕೊಟ್ರೂ ಒಂದ ದಿನಾ, ಮರದಿನಾ ಮುಂಜಾನಿ ಎಂಟಕ್ಕ ಬಾಗಲದಾಗ ಬಂದ ನಿಂತಿರತಿದ್ರು.

ಆದ್ರ ಈ ವರ್ಷ ಒಂದನೇದು ಬ್ಲೇಕಿ ಅಲ್ಲ. ಕರೋಶಿಯೊಳಗ ನಿಮ್ಮ ಚಿಗವ್ವನ ಮಗನ ಲಗ್ನದಾಗ ನಾ ತುಂಬಿಕೊಂಡ ಕ್ಯಾಸೆಟ್ಟು. ಮೆರವಣಿಗಿ ಮುಗಿಸಿ ಬ್ಯಾಂಡಿನವರೆಲ್ಲಾ ಬೇವಿನ ಗಿಡದ ಬುಡಕ ಅಡ್ಡ ಆಗಿದ್ರು. ನಿಮ್ಮಪ್ಪ ಸುಮ್ಮನ ಡೊಳ್ಳ ಕೊಳ್ಳಾಗ ಹಾಕ್ಕೊಂಡು ಬಡಿಯಾಕ ಹತ್ತಿದ್ರು, ನೀ ಎದ್ದು ಟ್ರಂಪೆಟ್ಟ ತಗೊಂಡಿ. ಪೂರಾ ಅರ್ಧಾ ತಾಸು. ಅಂಥಾದ್ದ ನಾ ಎಲ್ಲೂ ಕೇಳಿಲ್ಲ. ಅದು ಮಿರಜ ಬಸ್ಸಿನ್ಯಾಗ ಕಳೀತು ಅಂತ ಹೇಳಿದಾಗ ನೀ ನನಗ ಒಂದ ಮಾತ ಅನಲಿಲ್ಲ. ಮ್ಯಾಲ, "ಯಾವನೋ ಕಂಡಕ್ಟರ್ ದಿನಾ ನಮ್ಮಪ್ಪನ ಡೊಳ್ಳ ಕೇಳಾಕತ್ತಿರಬೇಕು, ನಸೀಬವಾನ" ಅಂತ ಸಿಕ್ಕಾಗೊಮ್ಮೆ ಅಂತಿ. ನಾನೂ ನಿನ್ನ ಕೂಡ ನಗತೇನಿ.

ಮತ್ತ ಎಲ್ಲಾ ಬರೋಬ್ಬರಿ ಐತಿ. ನನ್ನ ಮೊಣಕಾಲ ಸುಮಾರ, ದ್ರಾಕ್ಷಿ ಬೇಷ. ಹೊಸಾ ಒಣದ್ರಾಕ್ಷಿ ಎರಡ ಕಿಲೋ ವೈನಿಗಂತ ತಗದ ಇಟ್ಟೇನಿ. ಅವರಿಗಿ ನಮ್ಮಿಬ್ಬರ ನಮಸ್ಕಾರ, ಮಗ ಅಮಿತಗ, ಸೊಸಿ ಕೋಮಲಗ ಆಶೀರ್ವಾದ. ನಿನ್ನ ಉಸರು ಗಟ್ಟಿ ಇರಲಿ, ಹಲ್ಲ ಒಂದೂ ಅಲ್ಲಾಡದಿರಲಿ, ಇನ್ನೂ ನೂರ ಲಗ್ನ ಊದು.

ನಿನ್ನ
ಅಭಿನಂದನ

ತಾ.ಕ. ಪಾಕೀಟ ಅಂಟಿಸಿದ್ದೆ, ಮತ್ತ ಹರದ ತಗದೆ. ಇಷ್ಟಕ್ಕ ನಿಲ್ಲಿಸಿದ್ರ ಆ ಕಮಲದ ಚಿತ್ರಾನ ಬೇಷ ಇತ್ತು.

ಮಾಳ್ಯಾ, ಕ್ಯಾಸೆಟ್ಟ ಬಸ್ಸಿನ್ಯಾಗ ಕಳದಿಲ್ಲ. ಮಾಸ್ತರ ಬ್ಲೇಕಿ ರೆಕಾರ್ಡ ಒಂದ ದಿನಕ್ಕ ಕೊಟ್ಟಾಗ ನನ್ನ ಕಡೆ ಖಾಲಿ ಕ್ಯಾಸೆಟ್ಟ ಇರಲಿಲ್ಲ. ಮಾಳ್ಯಾ ಎಲ್ಲಿಗಿ ಹೋಗತಾನ, ಅವನ ಅಪ್ಪ ಎಲ್ಲಿಗಿ ಹೋಗತಾನ, ಇನ್ನೊಮ್ಮೆ ತುಂಬಿಕೊಂಡ್ರ ಆತು ಅಂತ ನಿಮ್ಮಿಬ್ಬರ ಮ್ಯಾಲ ಬ್ಲೇಕಿನ್ನ ತುಂಬಿಬಿಟ್ಟೆ. ನಾಕ ತಿಂಗಳಿಗಿ ನಿಮ್ಮಪ್ಪ ಹೋದ್ರು. ಅವರ ದಿನಾ ಮಾಡಿದಾಗ ನೀ ಬಂದು ಕ್ಯಾಸೆಟ್ಟ ಕೇಳಿದಿ, ನಾ ಬಸ್ಸಿನ ಕಥಿ ಕಟ್ಟಿದೆ. ಯಾವ ತಪ್ಪಿಗಿ ಅಂತ ಕೇಳಿದ್ದಿಯಲ್ಲಾ, ಈ ತಪ್ಪಿಗಿ. ಕೈ ಮುಗದ ಕ್ಷಮಾ ಬೇಡತೇನಿ.

ಅವತ್ತಿನಿಂದ ಎಷ್ಟ ಸಲ ಹಾಕಿದ್ರೂ ಬ್ಲೇಕಿ ಮುಗದ ಕೂಡಲೇ ನಾ ಅದನ್ನ ಬಂದ್ ಮಾಡತಿದ್ದೆ, ಮುಂದ ಕೇಳಾಕ ಮನಸ ಆಗತಿರಲಿಲ್ಲ. ಮೊನ್ನೆ ಮಯೂರಿ ಕ್ಯಾಸೆಟ್ಟೆಲ್ಲಾ ಕಂಪ್ಯೂಟರಿಗಿ ಹಾಕತೇನಿ ಅಂತ ಅದನ್ನ ಹಚ್ಚಿಟ್ಟು ಚಾ ಮಾಡಾಕ ಹೋದ್ಲು. ರೆಕಾರ್ಡಿನ ಒಂದ ಬಾಜು ಇಪ್ಪತ್ತ ನಿಮಿಷ, ಕ್ಯಾಸೆಟ್ಟಿನ ಬಾಜು ಮೂವತ್ತ. ಇಷ್ಟ ವರ್ಷ ಇದು ನನ್ನ ಮಬ್ಬ ತಲಿಗಿ ಹೊಳೀಲೇ ಇಲ್ಲ. ಬ್ಲೇಕಿ ಮುಗದಾ, ಖಟ್ ಅಂತ ಸಪ್ಪಳಾ ಆತು, ಡೊಳ್ಳ ಬಂತು. ಅದರ ಮ್ಯಾಲ ನೀನು. ನಡುವ ನಿನಗ ಉಸರ ಸಾಲಲಿಲ್ಲ, ನಿಂತಿ. ನಿಮ್ಮಪ್ಪ ಕೈ ನಿಲ್ಲಸಲಾರದ, "ಊದಲೇ ಮಾಳ್ಯಾ, ನಾ ಅದೇನಿ" ಅಂದ್ರು.

ನಾ ಅಲ್ಲೇ ಬಂದ್ ಮಾಡೇನಿ. ಮುಂದ ಎಷ್ಟ ಉಳದೈತಿ, ಏನ ಐತಿ, ಮಯೂರಿಗೂ ಕೇಳಗೊಟ್ಟಿಲ್ಲ. ಬೈಯಾಕರ ಬಾ, ಬಡಿಯಾಕರ ಬಾ. ನೀ ಬಂದು ಗುಂಡಿ ಒತ್ತೂ ತನಕಾ ಅದನ್ನ ಯಾರೂ ಮುಟ್ಟಂಗಿಲ್ಲ.